ಒಂದೇ ನೂಲಿನ ಕೋಟು

ದೇವರು ಎಲ್ಲ ಮನುಷ್ಯರಿಗೂ ಹತ್ತು ಬೆರಳು ಕೊಟ್ಟ. ಅವುಗಳಿಂದ ಏನು ಮಾಡಬೇಕೆಂಬ ತಿಳಿವಳಿಕೆಯನ್ನು ನನಗೆ ಮಾತ್ರ ಕೊಟ್ಟ. ಬಾಸ್ಟನ್ನಿನ ಪಶ್ಚಿಮಕ್ಕಿರುವ ನಮ್ಮ ವೂಸ್ಟರ್ ಸೀಮೆಯಲ್ಲಿ ಕೆಟ್ಟು ನಿಂತ ಗಡಿಯಾರಗಳ ಪೈಕಿ ನನ್ನ ಕೈಗೆ ಬಂದೂ ನಡೆಯದೆ ಉಳಿದವು ಎರಡೇ. ಅದರಲ್ಲೊಂದು ಬೆಂಕಿಗೆ ಬಿದ್ದಿತ್ತು. ಶಾಲೆಯ ಮೆಟ್ಟಿಲನ್ನು ನಾನು ಹತ್ತಿದ್ದು ಅದರ ಮಾಡು ರಿಪೇರಿಗೆ. ಇಂಥ ನಾನು, ಅರವತ್ತಮೂರನೆಯ ವಯಸ್ಸಿನಲ್ಲಿ, ಸ್ವಂತ ಬುದ್ಧಿಯಿಂದ ಒಂದು ಹೊಲಿಗೆ ಯಂತ್ರ ಮಾಡಿಯೇ ತೀರುತ್ತೇನೆಂದು ಹೆಂಡತಿಯ ಮುಂದೆ ಸಾರಿದೆ.

ಸಾರಿದ್ದಕ್ಕೆ ಕಾರಣವಿತ್ತು. ನಲವತ್ತು ವರ್ಷ ನನ್ನ ಮತ್ತು ಐದು ಮಕ್ಕಳ ಬಟ್ಟೆಯನ್ನೆಲ್ಲ ಕೈಯಲ್ಲೇ ಹೊಲಿದವಳು ನನ್ನ ಕೆಜಯಾ. ಆ ಚಳಿಗಾಲ ಸೂಜಿಗೆ ದಾರ ಪೋಣಿಸಲು ಅವಳು ಕಿಟಕಿಯ ಹತ್ತಿರ ಹೋದಳು, ಅಲ್ಲಾಗದೆ ಹಿಮ ತುಂಬಿದ ಅಂಗಳಕ್ಕೆ ಹೋದಳು, ಅಲ್ಲೂ ಆಗದೆ ಸುಮ್ಮನೆ ನಿಂತುಬಿಟ್ಟಳು. ಹೊಲಿಗೆ ನಿಲ್ಲಿಸದಿದ್ದರೆ ಎರಡು ವರ್ಷದಲ್ಲಿ ಕಣ್ಣು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು.

“ಬಾಸ್ಟನ್ನಿನಲ್ಲಿ ಯಂತ್ರ ಮಾರೋಕೆ ಇಟ್ಟಿದ್ದಾರಲ್ಲ, ಒಂದು ತರಬಾರದಾ?” ಎಂದಳು.

“ಎಲ್ಲಾನೂ ನೋಡಿ ಬಂದಿದ್ದೀನಿ. ಒಂದಕ್ಕೂ ಬುದ್ಧಿ ಇಲ್ಲ.”

ಸುಳ್ಳಲ್ಲ, ನೋಡಿಯೇ ಬಂದಿದ್ದೆ. ಒಬ್ಬನ ಯಂತ್ರ ಬಟ್ಟೆಯನ್ನು ಮುಳ್ಳುಪಟ್ಟಿಗೆ ಸಿಕ್ಕಿಸಿ, ಕಳ್ಳನನ್ನು ಗೋಡೆಗೆ ನಿಲ್ಲಿಸಿದ ಹಾಗೆ ನಿಲ್ಲಿಸಿ ಹೊಲಿಯುತ್ತದೆ. ಗೇಣುದ್ದ ಆಯಿತೆನ್ನುವಷ್ಟರಲ್ಲಿ ಕಿತ್ತು ಮತ್ತೆ ಸಿಕ್ಕಿಸಬೇಕು. ಇನ್ನೊಬ್ಬನ ಸೂಜಿ ಕುಡುಗೋಲಿನಂತೆ ಬಾಗಿದೆ. ಒಬ್ಬ ಬಟ್ಟೆಯ ಅಡಿಯಲ್ಲಿ ನೇಕಾರನಂತೆ ಲಾಳಿ ಓಡಿಸುತ್ತಾನೆ, ಮತ್ತೊಬ್ಬ ಲಾಳಿಯನ್ನೇ ಕಿತ್ತೆಸೆದು ತಿರುಗುವ ಕೊಕ್ಕೆ ಇಟ್ಟಿದ್ದಾನೆ. ಸೂಜಿಯ ಕಣ್ಣು ತುದಿಯಲ್ಲಿರಬೇಕು ಎಂಬುದೊಂದನ್ನು ಬಿಟ್ಟರೆ ಅವರಲ್ಲಿ ಒಮ್ಮತವೇ ಇಲ್ಲ. ಉಳಿದದ್ದಕ್ಕೆಲ್ಲ ಕೋರ್ಟಿನಲ್ಲಿ ಬಡಿದಾಡುತ್ತಿದ್ದಾರೆ. ಮೇಲೊಂದು, ಕೆಳಗೊಂದು, ಎರಡೆರಡು ನೂಲು ಬೇರೆ. ಒಂದೇ ಎತ್ತಿಗೆ ಆಗುವ ಕೆಲಸಕ್ಕೆ ಜೋಡಿ ಕಟ್ಟುವವನನ್ನು ನಾನು ಜಾಣನೆನ್ನುವುದಿಲ್ಲ.

ನನ್ನದು ಒಂದೇ ನೂಲು. ಸೂಜಿ ಕೆಳಗಿಳಿದು ಒಂದು ಕುಣಿಕೆ ಬಿಡುತ್ತದೆ, ಕೊಕ್ಕೆ ಅದನ್ನು ಹಿಡಿದು ನಿಲ್ಲುತ್ತದೆ, ಮುಂದಿನ ಕುಣಿಕೆ ಅದರ ಬಾಯೊಳಗೆ ನುಗ್ಗುತ್ತದೆ. ಹೀಗೆ ಸರಪಳಿ. ಹಳೆಯ ಗಡಿಯಾರದ ಹಲ್ಲುಚಕ್ರಗಳಿಂದ ಏಳು ತಿಂಗಳಲ್ಲಿ ಅದನ್ನು ಕಟ್ಟಿದೆ. ಹಿಡಿಕೆ ತಿರುಗಿಸಿದರೆ ಕೋಳಿ ತಗಡಿನ ಮೇಲೆ ಜೋಳ ಹೆಕ್ಕಿದಂಥ ಸದ್ದು. ಮೊದಲು ಹೊಲಿದದ್ದು ನನ್ನದೇ ಕರಿ ಕೋಟು. ಬೆನ್ನಿನ ಹೊಲಿಗೆಯಂತೂ ಕೆಳಗಂಚಿನಿಂದ ಕತ್ತುಪಟ್ಟಿಯ ತುದಿಯವರೆಗೆ ಒಂದೇ ಓಟ.

ಕೆಜಯಾ ಹೊಲಿಗೆಯನ್ನು ಬೆರಳಿನಿಂದಲೇ ತಡವಿ ನೋಡಿದಳು. “ಕೊನೇಲಿ ಗಂಟು ಹಾಕಿಲ್ಲವಲ್ಲ?”

“ಗಂಟು ಕೈಹೊಲಿಗೆಯವರಿಗೆ. ಇದು ಯಂತ್ರ.”

“ಸರಿ. ಈ ಭಾನುವಾರ ಕೋಟು ಚರ್ಚಿಗೆ ಹೋಗಿ ಇಡಿಯಾಗಿ ಮನೆಗೆ ಬರಲಿ. ಬಂದರೆ ನಾನು ಸೂಜಿ ಬಿಡ್ತೀನಿ. ಬರದಿದ್ದರೆ ನೀವು ಯಂತ್ರ ಬಿಡಬೇಕು.”

“ಆಯ್ತು,” ಎಂದೆ. ಗೆದ್ದವನ ಗತ್ತಿನಲ್ಲೇ ಎಂದೆ.

ಭಾನುವಾರ ಬಂತು. ನನ್ನ ಹಿಂದಿನ ಬೆಂಚಿನಲ್ಲಿ ಕೆಜಯಾಳ ಅಕ್ಕ, ಹುಲ್ಡಾ ಅತ್ತಿಗೆ. ನಮ್ಮೂರ ಹೆಂಗಸರು ಯಾರೂ ನೂಲಿನ ತುಂಡು ಬಿಸಾಡುವವರಲ್ಲ, ಅತ್ತಿಗೆಯಂತೂ ಬೇರೆಯವರ ಮೈಮೇಲಿನದನ್ನೂ ಬಿಡುವವರಲ್ಲ. ಪಾದ್ರಿಗಳು ಲೋಕದ ಭೋಗಗಳೆಲ್ಲ ಬಿಚ್ಚಿ ಹೋಗುವ ವಿಚಾರ ಹೇಳುತ್ತಿದ್ದರು. ಆಗ ನನ್ನ ಕುತ್ತಿಗೆಯ ಬಳಿ ಏನೋ ಮೃದುವಾಗಿ ಸುಳಿದಂತಾಯಿತು. ಬೆನ್ನುಹುರಿಯ ಉದ್ದಕ್ಕೂ ಒಂದು ತಂಪು ಮೆಲ್ಲಗೆ ಇಳಿಯುತ್ತಾ ಹೋಯಿತು. ನನ್ನಂಥ ಒರಟನ ಮೇಲೂ ಕೊನೆಗಾಲದಲ್ಲಿ ಕೃಪೆ ಇಳಿಯಿತಲ್ಲ ಎಂದು ಕಣ್ಣು ಮುಚ್ಚಿ ಕೂತೆ. ಉಪದೇಶ ಒಂದೂವರೆ ಗಂಟೆ. ಕೃಪೆ ಸೊಂಟದವರೆಗೆ ಬಂತು.

ಕೊನೆಯ ಹಾಡಿಗೆ ನಮ್ಮಲ್ಲಿ ಎಲ್ಲರೂ ಎದ್ದು, ಪಾದ್ರಿಗೆ ಬೆನ್ನು ಮಾಡಿ, ಹಿಂದಿನ ಅಟ್ಟದಲ್ಲಿ ಹಾಡುವವರ ಕಡೆ ತಿರುಗುವ ರೂಢಿ. ನಾನೂ ಎದ್ದೆ, ತಿರುಗಿದೆ, ಹಾಡಿನ ಪುಸ್ತಕ ಎತ್ತಿ ಹಿಡಿದೆ. ಅಷ್ಟೇ ಸಾಕಾಯಿತು, ಸೊಂಟದ ಕೆಳಗಿನದೂ ಸರ್ರನೆ ಬಿಚ್ಚಿಕೊಂಡಿತು. ಬಲಗೈಗೆ ಅರ್ಧ ಕೋಟು, ಎಡಗೈಗೆ ಅರ್ಧ ಕೋಟು. ಎರಡೂ ಮೊಣಕೈವರೆಗೆ ಜಾರಿ, ಸತ್ತ ಕಾಗೆಯ ರೆಕ್ಕೆಗಳಂತೆ ಜೋತುಬಿದ್ದವು. ಹಿಂದೆ ಪಾದ್ರಿಗಳು ಕೆಮ್ಮಿದರು. ಹಾಡು ನಿಲ್ಲಲಿಲ್ಲ, ಆದರೆ ಗಂಡಸರ ದನಿಗಳು ಒಂದೊಂದಾಗಿ ಉದುರಿಹೋದವು.

ಅಂಗಳದಲ್ಲಿ ಅತ್ತಿಗೆ ಬಂದರು. ಎರಡು ಬೆರಳಿಗೆ ದಪ್ಪಗೆ ನೂಲು ಸುತ್ತಿಕೊಂಡಿದ್ದರು.

“ತಗೊಳ್ಳಪ್ಪ. ತುದಿ ಕಾಣ್ತು, ಎಳೆದೆ. ಬಂತು. ಬರ್ತಾನೇ ಇತ್ತು, ನಿಲ್ಲಿಸೋದು ಹೇಗೆ? ಒಳ್ಳೆ ನೂಲು ಕಣೋ, ಒಂದೂ ಗಂಟಿಲ್ಲ.”

ಕೆಜಯಾ ತನ್ನ ಶಾಲನ್ನು ನನ್ನ ಬೆನ್ನಿಗೆ ಹೊದಿಸಿದಳು. ನನಗೆ ಕೋಟಿನ ಚಿಂತೆ ಇರಲಿಲ್ಲ. ಇವಳು ನಾಳೆ ಮತ್ತೆ ಸೂಜಿ ಹಿಡಿದು ಅಂಗಳದ ಬೆಳಕಿಗೆ ಹೋಗಿ ನಿಲ್ಲುತ್ತಾಳಲ್ಲ, ಚಿಂತೆ ಅದರದ್ದು.

ಮಾತಿಗೆ ತಪ್ಪುವ ವಂಶ ನಮ್ಮದಲ್ಲ. ಸೋಮವಾರ ಬೆಳಗ್ಗೆ ಯಂತ್ರದ ಮೇಲೆ ಸುತ್ತಿಗೆ ಎತ್ತಿದೆ. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಅತ್ತಿಗೆ, ಅವರ ಹಿಂದೆ ಇನ್ನೂ ನಾಲ್ವರು, ಎಲ್ಲರ ಕಂಕುಳಲ್ಲೂ ಬಟ್ಟೆಯ ಗಂಟು.

“ಮಕ್ಕಳ ಲಂಗಕ್ಕೆ ಮಡಿಕೆ ಹಾಕಿ ಹೊಲೀಬೇಕು,” ಎಂದರು ಅತ್ತಿಗೆ. “ವರ್ಷಾ ವರ್ಷಾ ಬೆಳೀತಾವೆ, ವರ್ಷಾ ವರ್ಷಾ ಒಂದೊಂದು ಮಡಿಕೆ ಬಿಚ್ಚಬೇಕು. ಕಪ್ಪು ಬಟ್ಟೇಲಿ ಕಪ್ಪು ನೂಲು ಹುಡುಕಿ ಕೀಳೋದಿದೆಯಲ್ಲ, ನಮ್ಮ ಕಣ್ಣು ಹೋಗೋದೇ ಅಲ್ಲಿ. ನಿನ್ನ ಹೊಲಿಗೆಯಾದರೆ ತುದಿಗೊಂದು ಗಂಟು, ಆಮೇಲೆ ಗಂಟು ಕತ್ತರಿಸಿದರೆ ಒಂದೇ ಎಳೆತ.”

ಕೆಜಯಾ ನನ್ನ ಕೈಯಿಂದ ಸುತ್ತಿಗೆ ತೆಗೆದಿಟ್ಟು, ಯಂತ್ರದ ಮುಂದೆ ಕೂತು, ಕಣ್ಣು ಮುಚ್ಚಿಕೊಂಡೇ ಹಿಡಿಕೆ ತಿರುಗಿಸಿದಳು. ಬಟ್ಟೆ ನೆಟ್ಟಗೆ ಓಡಿತು.

“ಯಂತ್ರ ಬಿಡಬೇಕು ಅಂತ ಮಾತಾಗಿತ್ತಲ್ಲ?” ಎಂದೆ ಮೆಲ್ಲಗೆ.

“ನೀವು ಬಿಡಬೇಕು ಅಂತ. ನಾನಲ್ಲ.”

“ಹಾಗಾದರೆ ನಾನು ಮಾಡಿದ್ದು ಬಾಸ್ಟನ್ನಿನವರದಕ್ಕಿಂತ ಮೇಲು ಅಂತಾಯ್ತು.”

“ಹೊಲಿಯೋ ಯಂತ್ರ ಮಾಡಿದೋರು ಅಲ್ಲಿ ಹತ್ತು ಜನ ಇದ್ದಾರೆ,” ಎಂದಳು ಕೆಜಯಾ, ಕಣ್ಣು ತೆರೆಯದೆ. “ಬಿಚ್ಚೋ ಯಂತ್ರ ಮಾಡಿದೋರು ನೀವೊಬ್ಬರೇ.”