ಕೈ ತೊಳೆಯುವ ಪಾಠಕ್ಕೆ ಎತ್ತಿನ ಬಣ್ಣ

ಮಕ್ಕಳಿಗೆ ಕೈ ತೊಳೆಯುವುದನ್ನು ಕಲಿಸುವುದು ಅಂಥ ದೊಡ್ಡ ವಿದ್ಯೆಯೇ? ಖಂಡಿತ ಅಲ್ಲ ಎಂದುಕೊಂಡಿದ್ದೆ! ಔರಾದ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಆಗ ಮೂರನೇ ತರಗತಿಯವರಿಗೆಲ್ಲ ಹೊಟ್ಟೆನೋವು, ಭೇದಿ. ಬೆರಳ ತುದಿ ನೀರಿಗೆ ಅದ್ದಿ ಊಟಕ್ಕೆ ಓಡಿದರೆ ಇನ್ನೇನಾದೀತು? ಇವರಿಗೆ ರೋಗಾಣುವನ್ನು ಕಣ್ಣಾರೆ ತೋರಿಸುವುದೆಂದು ಅವರ ಮೇಷ್ಟ್ರಾದ ನಾನು ಪಣ ತೊಟ್ಟೆ.

ಪೋಳ ಹಬ್ಬದಲ್ಲಿ ಎತ್ತುಗಳ ಕೋಡಿಗೆ ಬಳಿದು ಉಳಿದ ಕೆಂಪು ಬಣ್ಣ ಮನೆಯಲ್ಲಿತ್ತು. ಡಬ್ಬಿ ಹಿಡಿದು ಹೊರಟಾಗ ಹೆಂಡತಿ ಶಾಂತಾ ತಡೆದಳು.

"ಎತ್ತಿನ ಬಣ್ಣ ಸಾಲಿಗ್ಯಾಕ ಒಯ್ಲಕತ್ತೀರಿ?"

"ಇದು ವಿಜ್ಞಾನ ಅದ. ನಿನಗ ತಿಳಿಯಲ್ಲ," ಎಂದೆ ಗಂಭೀರವಾಗಿ.

ಮಕ್ಕಳ ಕೈಗೂ ನನ್ನ ಕೈಗೂ ಬಣ್ಣ ಬಳಿದು ಘೋಷಿಸಿದೆ: "ಇದೇ ರೋಗದ ಹುಳ ಅಂತ ತಿಳಕೋರಿ. ಕೆಂಪು ಪೂರಾ ಹೋಗೋತನ ಒಂದು ತುತ್ತೂ ಮುಟ್ಟಬಾರದು!"

ನಳದ ಮುಂದೆ ಸೋಪು ಹಚ್ಚಿ ತಿಕ್ಕಿದೆವು. ಬಣ್ಣ ಹೋಗಲಿಲ್ಲ. ನಿಂಬೆಹಣ್ಣು, ಕೊಬ್ಬರಿ ಎಣ್ಣೆ ಎಲ್ಲ ಆಯಿತು. ಊಹೂಂ! ಮಳೆ ಬಿಸಿಲಿಗೂ ಜಗ್ಗದೆ ಎತ್ತಿನ ಕೋಡಿನ ಮೇಲೆ ನಿಲ್ಲುವ ಬಣ್ಣ ಅದೆಂಬುದು ಈ ವಿಜ್ಞಾನಿಗೆ ಹೊಳೆದಿರಲಿಲ್ಲ.

ಬಿಸಿಯೂಟದ ಗಂಟೆ ಹೊಡೆಯಿತು. ಮೂರನೇ ತರಗತಿ ಮಾತ್ರ ತಟ್ಟೆ ಮುಟ್ಟದೆ ಉಗುಳು ನುಂಗುತ್ತ ನಿಂತಿತು.

"ಉಣ್ರೋ, ಅದು ಬರೀ ಬಣ್ಣ ಅದ," ಎಂದೆ.

"ಮುಂಜಾನಿ ಹುಳ ಅಂದಿದ್ರಿ ಸರ್!" ಎಂದಳು ಪುಟ್ಟ ಅಂಬಿಕಾ. ಅವಳ ಕಣ್ಣಲ್ಲಿ ನೀರು.

ರೋಗ ಓಡಿಸಲು ಹೋಗಿ ಮಕ್ಕಳನ್ನೇ ಉಪವಾಸ ಕೆಡವಿದ್ದೆ! ಕೊನೆಗೆ ಏಳನೇ ತರಗತಿಯವರಿಗೆ ಕೈ ಮುಗಿದೆ. "ನೀವೇ ತುತ್ತು ಮಾಡಿ ಇವರಿಗೆ ಉಣಸ್ರಪ್ಪಾ!"

ಅಂಬಿಕಾಳ ಅಕ್ಕ ಮೊದಲ ತುತ್ತು ಎತ್ತಿದಳು. ಅಂಬಿಕಾ ಬಾಯಿ ಬಿಡಲಿಲ್ಲ.

"ಅಕ್ಕಾ, ಕೈ ತೊಳಕೊಂಡಿ ಏನು? ಬೆರಳ ಸಂದಿ ತಿಕ್ಕಿದಿ? ಉಗುರು ತೋರಸು!"

ಏಳನೇ ತರಗತಿ ಇಡೀ ಎದ್ದು ನಳಕ್ಕೆ ಓಡಿತು! ನೊರೆಯೇ ನೊರೆ! ಆಮೇಲೆ ಅಂಗಳದ ತುಂಬ ತೆರೆದ ಬಾಯಿಗಳು, ತುತ್ತುಗಳು, ನಗು. ನನಗೆ ಹಿಗ್ಗೋ ಹಿಗ್ಗು. ಪಾಠ ಗೆದ್ದಿತ್ತು. ಎಲ್ಲರೂ ಉಂಡರು, ಮೇಷ್ಟ್ರನ್ನು ಬಿಟ್ಟು.

ನನಗೆ ಉಣಿಸುವವರು ಯಾರೂ ಇರಲಿಲ್ಲ. ನಾನೇ ಮಾಡಿದ ನಿಯಮವನ್ನು ಮಕ್ಕಳೆದುರು ಮುರಿಯುವುದು ಹೇಗೆ? ಹಸಿದು ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಶಾಂತಾ ನನ್ನ ಕೆಂಪು ಕೈಗಳನ್ನು ತಿರುಗಿಸಿ ನೋಡಿದಳು. ತಾನು ಕೈ ತೊಳೆದು ಬಂದು ರೊಟ್ಟಿ ಮುರಿದು ನನ್ನ ಬಾಯಿಗಿಟ್ಟಳು.

"ಬಿಡ್ರಿ, ಬಣ್ಣದ್ದೇನೂ ತಪ್ಪಿಲ್ಲ. ಹತ್ತಬೇಕಾದ ಎತ್ತಿಗೇ ಹತ್ತೇದ!"

ನಾನು ಸುಮ್ಮನೆ ಅಗಿಯುತ್ತ ಕುಳಿತೆ. ಮೇಯುವ ಎತ್ತು ಎಲ್ಲಾದರೂ ಮಾತಾಡುತ್ತದೆಯೇ?