ಸಾಯುವ ಪಾರ್ಟಿನ ನಮ್ಮ ಮಾಮಾ

ನಮ್ಮ ಸೋದರಮಾವ ತನ್ನ ಜೀವಮಾನದಲ್ಲಿ ಎಷ್ಟು ಸಲ ಸತ್ತನೆಂಬುದಕ್ಕೆ ಲೆಕ್ಕವಿಲ್ಲ. ಕತ್ತಿಯಿಂದ ಸತ್ತ, ವಿಷ ಕುಡಿದು ಸತ್ತ, ಕೊಟ್ಟ ಮಾತಿಗಾಗಿ ಸತ್ತ, ಒಮ್ಮೆಯಂತೂ ಬರೇ ಸಿಟ್ಟಿನಿಂದಲೇ ಸತ್ತ! ಬದುಕುವುದರಲ್ಲಿ ಅವನಿಗೆ ಅಂಥ ಹೆಸರೇನೂ ಇರಲಿಲ್ಲ ಅನ್ನಿ. ಆದರೆ ನಾಟಕದ ಕಂಪನಿಯಲ್ಲಿ ಸಾಯುವ ಪಾರ್ಟು ಬಂತೆಂದರೆ ಅದು ಮಾಮಾನದೇ. ಕಮಲಾಪುರದಿಂದ ಕಲಬುರ್ಗಿಯವರೆಗೆ ಅವನಷ್ಟು ನಿಧಾನವಾಗಿ, ಹಾಡಿ ಹಾಡಿ ಸಾಯುವವರು ಇನ್ನೊಬ್ಬರಿರಲಿಲ್ಲ.

ತಾಲೀಮು ನಡೆಯುವುದು ಕಮಲಾಪುರದ ನಮ್ಮ ಮನೆಯ ಅಂಗಳದಲ್ಲಿ. ಒಂದು ದಿನ ಕಣ್ಣು ಮೇಲೆ ಮಾಡಿಕೊಂಡು ಬಿದ್ದಿದ್ದ ಅವನನ್ನು ಕಂಡು ಬಾಳೆಹಣ್ಣು ಮಾರುವವಳು ಬುಟ್ಟಿ ಕೆಡವಿ ಬೊಬ್ಬೆ ಹಾಕಿದಳು. ಓಣಿಯೆಲ್ಲ ಕೂಡಿತು. ಸತ್ತವನು ಎದ್ದು ಕೂತು, ಉರುಳಿ ಬಂದಿದ್ದ ಕೆಂಪು ಬಾಳೆಹಣ್ಣೊಂದನ್ನು ಸುಲಿಯುತ್ತ ಕೇಳಿದ: "ಖರೇ ಸತ್ತಂಗ ಕಂಡಿತೇನು?"

"ಒಂದಿನ ಖರೇನೇ ಆಗ್ತದ ನೋಡು" ಎಂದು ಅವಳು ಹಣ್ಣು ಆರಿಸಿಕೊಂಡು ಹೋದಳು. ಮಾಮಾ ನಕ್ಕ, ಓಣಿ ನಕ್ಕಿತು. ಅವನ ತಾಯಿ, ನಮ್ಮ ಅಜ್ಜಿ, ನಗಲಿಲ್ಲ. ಆ ಮಾತು ಅವಳ ಎದೆಯಲ್ಲಿ ಕೂತುಬಿಟ್ಟಿತು.

ಅಂದಿನಿಂದ ಮಾಮಾನ ಪ್ರತಿ ನಾಟಕಕ್ಕೂ ಅಜ್ಜಿ ಮುಂದಿನ ಸಾಲಿನಲ್ಲಿ ಹಾಜರು. ಜನ 'ವನ್ಸ್ ಮೋರ್' ಎಂದರೆ ಮಾಮಾ ಮೈ ಕೊಡವಿಕೊಂಡು ಎದ್ದು, ಹಾಡನ್ನು ಮೊದಲಿನಿಂದ ಎತ್ತಿ, ಮತ್ತೆ ಸಾಯುತ್ತಿದ್ದ. ಅಜ್ಜಿಗೆ ಬೇಕಾದದ್ದು ಅದಲ್ಲ. ಕೊನೆಯ ಮಂಗಳಾರತಿಗೆ ಸತ್ತವರು, ಬದುಕಿದವರು, ಕೊಂದವರು ಎಲ್ಲರೂ ಸಾಲಾಗಿ ನಿಲ್ಲುತ್ತಾರಲ್ಲ, ಅಲ್ಲಿ ಮಗ ನಿಂತದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅವಳು ಏಳುತ್ತಿದ್ದದ್ದು.

ಮುಂದೆ ಕಂಪನಿ ಸೊಲ್ಲಾಪುರಕ್ಕೆ ಹೋದಾಗ ಯಾರೋ ಸಿನಿಮಾದವರು ಅವನು ಸಾಯುವುದನ್ನು ಮೆಚ್ಚಿ ಮುಂಬೈಗೆ ಕರೆದೊಯ್ದರು. ಮೆಚ್ಚಿದರೋ, ಸಾಯಲು ಬೇರೆ ಯಾರೂ ಒಪ್ಪಲಿಲ್ಲವೋ, ದೇವರಿಗೇ ಗೊತ್ತು!

ಅಷ್ಟರಲ್ಲಿ, ಇನ್ನೂ ಹಿಂದುಸ್ತಾನಕ್ಕೆ ಸೇರದ ನಮ್ಮ ಸೀಮೆಯಲ್ಲಿ ರಜಾಕಾರರ ಹಾವಳಿ ಜೋರಾಯಿತು. ಟಪಾಲು ನಿಂತಿತು. ಮಾಮಾ ಊರಿಗೆ ಹೊರಟಿದ್ದಾನೆ ಎಂದು ಒಬ್ಬರು, ಗಡಿಯಲ್ಲಿ ಗಾಡಿಯಿಂದ ಇಳಿಸಿಕೊಂಡರಂತೆ ಎಂದು ಇನ್ನೊಬ್ಬರು ಸುದ್ದಿ ತಂದರು. ಕಮಲಾಪುರದಲ್ಲಿರಲು ಹೆದರಿ ನಾವೆಲ್ಲ ಕಲಬುರ್ಗಿಯ ಸ್ಟೇಶನ್ ಬಜಾರದ ನೆಂಟರ ಮನೆ ಸೇರಿದೆವು. ರೈಲು ಕೂಗಿದಾಗಲೆಲ್ಲ ಅಜ್ಜಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡುವಳು. ಹಂಚಿನ ಮೇಲೆ ರೊಟ್ಟಿ ಕರಕಾಗುವುದು. ನಾವೆಲ್ಲ ಆ ಕರಕು ರೊಟ್ಟಿಯನ್ನೇ ತಿನ್ನುತ್ತಿದ್ದೆವು.

ಅಂಥದರಲ್ಲಿ ಮಾಮಾನ ಸಿನಿಮಾ ಊರಿನ ಟಾಕೀಜಿಗೆ ಬಂತು! ಅಜ್ಜಿ ನನ್ನ ಕೈ ಹಿಡಿದುಕೊಂಡು ಹೋದಳು. ಪರದೆಯ ಮೇಲೆ ಮಾಮಾ ಕೋಟೆ ಬಾಗಿಲಿನ ಸಿಪಾಯಿ. ನಾಲ್ಕು ಮಾತಾಡಿದ, ಕತ್ತಿ ಬೀಸಿದ, ಅಷ್ಟರಲ್ಲಿ ಎದೆಗೆ ಬಾಣ ಬಿತ್ತು. ಹಾಡಿಲ್ಲ, ವನ್ಸ್ ಮೋರ್ ಇಲ್ಲ. ಕುದುರೆಗಳು ಅವನನ್ನು ದಾಟಿಕೊಂಡು ಹೋದವು, ಕಥೆಯೂ ದಾಟಿಕೊಂಡು ಹೋಯಿತು. ಸಿನಿಮಾ ಮುಗಿದು ದೀಪ ಹತ್ತಿದರೂ ಅಜ್ಜಿ ಕೂತ ಜಾಗ ಬಿಡಲಿಲ್ಲ.

ಬಾಗಿಲು ಕಾಯುವ ಚಾಚಾ ಬಂದ. "ಅಮ್ಮಾ, ಖೇಲ್ ಖತಂ ಆಯ್ತು, ಏಳ್ರಿ."

"ಅಂವ ಇನ್ನಾ ಎದ್ದಿಲ್ಲಲ್ಲಪಾ."

"ಯಾರ್ರಿ?"

"ನನ್ನ ಮಗ. ಬಾಣ ಬಡದು ಬಿದ್ದಾನ. ಮಂಗಳಾರತಿಗೆ ಬರ್ತಾನಲ್ಲ, ನೋಡಿ ಹೋಗ್ತೀನಿ."

ನಗಬೇಕೋ ಅಳಬೇಕೋ? ಚಾಚಾ ನಗಲಿಲ್ಲ. ಖಾಲಿ ಪರದೆಯ ಕಡೆ ಒಮ್ಮೆ ನೋಡಿ ಹೇಳಿದ: "ಅಂವ ಮುಂಬೈದಾಗ ಎದ್ದು ಚಾ ಕುಡಿಲಾಕತ್ತಾನ್ರಿ. ಇಲ್ಲಿ ಕಾಣಂಗಿಲ್ಲ, ಅಷ್ಟೇ."

"ನೀ ನೋಡಿದಿಯೇನು?"

"ಖರೇ ಸತ್ತವ ದಿನಾ ಬಂದು ಲಡಾಯಿ ಮಾಡ್ತಾನೇನ್ರಿ ಅಮ್ಮಾ? ನಾಳಿ ಬರ್ರಿ, ಇದ್ದೇ ಇರ್ತಾನ."

ಈ ತರ್ಕಕ್ಕೆ ಯಾವ ವಕೀಲ ಎದುರು ಮಾತಾಡಬೇಕು! ಅಜ್ಜಿ ಮರುದಿನ ಹೋದಳು, ಅದರ ಮರುದಿನವೂ ಹೋದಳು. ಬಾಣದ ಹೊತ್ತಿಗೆ ಸರಿಯಾಗಿ ಚಾಚಾ ಬಾಗಿಲಿನಿಂದ "ಅಮ್ಮಾ, ಬಾಣ ಬರ್ಲಾಕತ್ತದ" ಎನ್ನುವನು. ಅಜ್ಜಿ ಪರದೆಗೆ ಬೆನ್ನು ಹಾಕಿ ಹೊರಗೆ ಬಂದುಬಿಡುವಳು. ಆ ಸಿನಿಮಾದಲ್ಲಿ ಕೊನೆಗೆ ಯಾರು ಗೆದ್ದರೆಂಬುದು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಒಂದು ದಿನ ಟಾಕೀಜು ಬಂದ್ ಆಯಿತು, ರೈಲೂ ನಿಂತಿತು. ಹಿಂದುಸ್ತಾನದ ಫೌಜು ಬರುತ್ತಿದೆ ಎಂದರು, ಫೌಜು ಬಂದೂಬಿಟ್ಟಿತು. ಊರಲ್ಲಿ ಕೆಲವರು ಕುಣಿದರು, ಕೆಲವರು ಬಾಗಿಲು ಹಾಕಿಕೊಂಡರು. ಚಾಚಾ ಇದ್ದ ಮುಸಲ್ಮಾನರ ಓಣಿಯಲ್ಲಿ ಹೆದರಿ ಯಾರೂ ಹೊರಬೀಳುತ್ತಿಲ್ಲವೆಂದು ಕೇಳಿ ಅಜ್ಜಿ ರೊಟ್ಟಿ ಕಟ್ಟಿಕೊಂಡು ತಾನೇ ಹೋಗಿ ಕೊಟ್ಟುಬಂದಳು. ಮನೆಯಲ್ಲಿ ಬೈದರು. "ಅವನೂ ಒಬ್ಬ ತಾಯಿ ಮಗನೇ ಅಲ್ಲೇನು?" ಎಂದಳು.

ರೈಲು ಮತ್ತೆ ಸುರುವಾದ ಮೇಲೆ ಮಾಮಾ ಬಂದ. ಸೊರಗಿದ್ದ, ಗಡ್ಡ ಬಿಟ್ಟಿದ್ದ. ಮುಂಬೈಯಿಂದ ಊರಿಗೆ ಹೊರಟವನು ಗಡಿ ದಾಟಲಾಗದೆ ಇಷ್ಟು ದಿನ ಸೊಲ್ಲಾಪುರದಲ್ಲೇ ಸಿಕ್ಕಿಬಿದ್ದಿದ್ದನಂತೆ. ಅಜ್ಜಿ ಅವನ ಎದೆಯನ್ನು ಅಂಗೈಯಿಂದ ಸವರಿ ಸವರಿ ನೋಡಿದಳು.

"ಏನು ನೋಡ್ತಿ ಯವ್ವಾ?"

"ಬಾಣ ಬಡದಿತ್ತಲ್ಲೋ ಇಲ್ಲಿ."

ಮಾಮಾ ದೊಡ್ಡದಾಗಿ ನಕ್ಕ. ಸಂಜೆ ಯಾರೋ ಅವನಿಗೆ ಟಾಕೀಜಿನ ಸಂಗತಿಯೆಲ್ಲ ಹೇಳಿದರು. ಆ ಮೇಲೆ ನಗಲಿಲ್ಲ.

ಮುಂದಿನ ಬೇಸಿಗೆಗೆ ನಾವು ಕಮಲಾಪುರಕ್ಕೆ ಮರಳಿದ್ದೆವು, ಕಂಪನಿಯೂ ಅಲ್ಲಿಗೆ ಬಂತು, ಮಾಮಾ ಮತ್ತೆ ಅದನ್ನು ಸೇರಿಕೊಂಡ. ಸಿನಿಮಾದಲ್ಲಿ ಸತ್ತು ಬಂದವನು ಸಾಯುವುದನ್ನು ನೋಡಲು ಜನವೋ ಜನ! ಮಾಮಾ ರಾಜಕುಮಾರ. ಸೇನಾಪತಿ ಕತ್ತಿಯಿಂದ ತಿವಿದ. ಮಾಮಾ ನಿಂತೇ ಇದ್ದ. ಸೇನಾಪತಿ ಗಾಬರಿಯಾಗಿ ಇನ್ನೊಮ್ಮೆ ತಿವಿದ. ಮಾಮಾ ಅಲ್ಲಾಡಲಿಲ್ಲ. ಪಕ್ಕದ ಪರದೆಯಿಂದ ಮಾಲಕರ ಪಿಸುಮಾತು ನಮಗೂ ಕೇಳಿತು: "ಸಾಯೋ ತಮ್ಮಾ, ಮುಂದಿನ ಸೀನಿನ್ಯಾಗ ನಿನ್ನ ಹೆಂಡ್ತಿ ಅಳಬೇಕು."

"ಆಗಂಗಿಲ್ರಿ ಮಾಲಕರ" ಎಂದ ಮಾಮಾ, ಎಲ್ಲರಿಗೂ ಕೇಳುವ ಹಾಗೆ. "ಮುಂದ ನಮ್ಮವ್ವ ಕುಂತಾಳ."

ಜನ ಬಿದ್ದು ಬಿದ್ದು ನಕ್ಕರು. ಪರದೆ ಇಳಿಯಿತು. ಕಂಪನಿಯವರು ಅವನನ್ನು ಅಲ್ಲಿಗೇ ಕೈಬಿಟ್ಟರು. ಸಾಯದ ನಟ ಯಾರಿಗೆ ಬೇಕು? ಮಾಮಾ ಮತ್ತೆ ಬಣ್ಣ ಹಚ್ಚಲಿಲ್ಲ. ಆ ದಿನ ಅವನು ಕಿರೀಟ ಕಂಕುಳಲ್ಲಿಟ್ಟುಕೊಂಡು ಕೆಳಗಿಳಿದು ಬಂದು ಅಜ್ಜಿಯ ಮುಂದೆ ನೆಲದ ಮೇಲೆ ಕೂತ. ಅಜ್ಜಿ ಸೆರಗಿನಿಂದ ಅವನ ಮುಖದ ಬಣ್ಣ ಒರೆಸುತ್ತ ಹೇಳಿದಳು: "ಇವತ್ತು ಪಾರ್ಟು ಛಲೋ ಮಾಡಿದಿ."