ಮೂರು ನೋಟದ ಕನ್ನಡಕವೂ ನಮ್ಮ ಓದುವ ಕೋಣೆಯೂ

ಮೂವತ್ತಾರು ವರ್ಷ, ಐವತ್ತೈವತ್ತು ಮಕ್ಕಳ ತರಗತಿಗಳನ್ನು ಬೆತ್ತವಿಲ್ಲದೆ ಅಂಕೆಯಲ್ಲಿಟ್ಟವನು ನಾನು. ಅಂಥವನ ಮಾತನ್ನು ಎರಡು ತುಂಡು ಗಾಜು ಕೇಳುವುದಿಲ್ಲವೆಂದರೆ ನಂಬುವವರು ಯಾರು? ಆದ್ದರಿಂದ ಕನ್ನಡಕದಂಗಡಿಯವರು, "ಇದಕ್ಕೆ ಹೊಂದ್ಕೊಳ್ಳೋಕೆ ಎರಡು ವಾರ ಬೇಕಾಗತ್ತೆ ಸಾರ್" ಎಂದಾಗ ನಾನು ನಕ್ಕು, ಎರಡು ದಿನ ಸಾಕು ಎಂದುಬಿಟ್ಟೆ.

ಅಲ್ಲಿಯವರೆಗೆ ನನ್ನ ಬಳಿ ಎರಡು ಕನ್ನಡಕಗಳಿದ್ದವು. ದೂರಕ್ಕೊಂದು, ಹತ್ತಿರಕ್ಕೊಂದು. ಹತ್ತಿರದ್ದು ಬೇಕಾದಾಗ ಅದು ಎಲ್ಲೋ ದೂರದಲ್ಲಿರುತ್ತಿತ್ತು. ದೂರದ್ದನ್ನು ಹುಡುಕುವಾಗ ಅದರ ಮೇಲೆಯೇ ಕುಳಿತಿರುತ್ತಿದ್ದೆ. ಮೂರನೆಯ ಸಲ ಕಡ್ಡಿ ಮುರಿದ ದಿನ ನನ್ನ ಹೆಂಡತಿ, "ಎಲ್ಲಾ ಒಂದರಲ್ಲೇ ಕಾಣಿಸೋ ಅಂಥದ್ದು ಮಾಡಿಸ್ಕೊಳ್ಳಿ. ಹುಡುಕಿಕೊಡೋ ಕೆಲಸವಾದರೂ ನನಗೆ ಅರ್ಧ ಆಗತ್ತೆ" ಎಂದಳು. ಅವಳು ಆಸ್ಪತ್ರೆಯಲ್ಲಿ ಹಿರಿಯ ದಾದಿಯಾಗಿದ್ದವಳು. ಅವಳ ಸಲಹೆಗಳು ಇಂದಿಗೂ ಊಟಕ್ಕೆ ಮೊದಲು, ಊಟದ ನಂತರ ಎಂಬ ಧಾಟಿಯಲ್ಲಿಯೇ ಇರುತ್ತವೆ. ನಾನು ಎದುರಾಡಲಿಲ್ಲ.

ಪ್ರೋಗ್ರೆಸಿವ್ ಲೆನ್ಸ್ ಎಂಬ ಈ ವಸ್ತುವಿನ ಮೇಲ್ಭಾಗದಲ್ಲಿ ದೂರದ ನೋಟ, ನಡುವೆ ಮಧ್ಯಮ, ತಳದಲ್ಲಿ ಓದುವ ನೋಟ. ವ್ಯಾಕರಣದ ಮೂರು ಪುರುಷಗಳು ಒಂದೇ ಗಾಜಿನಲ್ಲಿ ಸಂಸಾರ ಹೂಡಿದಂತೆ. ಅಂಗಡಿಯವರು ಎರಡು ಬುದ್ಧಿಮಾತು ಹೇಳಿದರು. ಒಂದು, ಚೌಕಟ್ಟು ಎತ್ತರವಾಗಿದ್ದಷ್ಟೂ ತಳದಲ್ಲಿ ಓದುವುದಕ್ಕೆ ಜಾಗ ಹೆಚ್ಚು. ಇನ್ನೊಂದು, ಕಣ್ಣನ್ನಲ್ಲ, ಮೂಗನ್ನು ತಿರುಗಿಸಬೇಕು. ಏನನ್ನು ನೋಡಬೇಕೋ ಅದರ ನೇರಕ್ಕೆ ಮೂಗು ಹಿಡಿಯಬೇಕು.

"ಇಷ್ಟು ವರ್ಷ ಕಂಡವರ ವಿಷಯಕ್ಕೆಲ್ಲ ಮೂಗು ತೂರಿಸ್ತಿದ್ರಿ. ಈಗ ಚೀಟಿ ಬರೆದೇ ಕೊಟ್ಟರಲ್ಲ" ಎಂದಳು ಜೊತೆಗೆ ಬಂದಿದ್ದ ನನ್ನಾಕೆ.

ಅಂಗಡಿಯವರ ಮುಂದೆ ಆದ ಈ ಅವಮಾನಕ್ಕೆ ಉತ್ತರವೆಂಬಂತೆ ನಾನು ಅಲ್ಲಿದ್ದ ಎಲ್ಲ ಚೌಕಟ್ಟುಗಳಲ್ಲಿ ತೀರ ಕಿರಿದಾದುದನ್ನು ಆರಿಸಿದೆ. ಕನ್ನಡಿಯಲ್ಲಿ ಹತ್ತು ವರ್ಷ ಚಿಕ್ಕವನಾಗಿ ಕಂಡೆ. ಓದುವ ಜಾಗ ಕಿರುಬೆರಳಿನ ಉಗುರಿನಷ್ಟಾಗುವುದೆಂದು ಅವರು ಮತ್ತೊಮ್ಮೆ ಎಚ್ಚರಿಸಿದರು. ಉಗುರಿನಷ್ಟಿದ್ದರೆ ಉಗುರಿನಷ್ಟರಲ್ಲಿಯೇ ಓದುತ್ತೇನೆ ಎಂದೆ.

ಮೊದಲ ದಿನ ಮೆಟ್ಟಿಲುಗಳು ನನ್ನ ಪಾದಕ್ಕೆ ಎದ್ದು ಬಂದು ಸ್ವಾಗತ ಕೋರಿದವು. ಬಾಗಿಲ ಚೌಕಟ್ಟು ಸೊಂಟ ಬಳುಕಿಸಿತು. ಲೋಟದಲ್ಲಿ ಬೀಳಬೇಕಾದ ನೀರು ಲೋಟದ ಪಕ್ಕದಲ್ಲಿ ಬಿತ್ತು. ಇನ್ನು ಓದುವುದು! ಗದ್ದ ಎತ್ತಿದರೆ ಸಾಲು ಕಾಣುತ್ತಿತ್ತು, ಸಾಲು ಕಂಡಿತೆಂಬ ಸಂತೋಷಕ್ಕೆ ಗದ್ದ ಇಳಿದರೆ ಮಾಯವಾಗುತ್ತಿತ್ತು. ಬಾವಿಯಿಂದ ಕೊಡ ಎತ್ತುವವನಂತೆ ತಲೆಯನ್ನು ಮೇಲೆ ಕೆಳಗೆ ಮಾಡುತ್ತ, ದಿನಪತ್ರಿಕೆಯ ಮೊದಲ ಪುಟವನ್ನು ಮುಗಿಸುವ ಹೊತ್ತಿಗೆ ಸುದ್ದಿ ಹಳತಾಗಿತ್ತು.

"ಹೇಗಿದೆ?" ಎಂದು ನನ್ನಾಕೆ ಕೇಳಿದಳು.

"ಅದ್ಭುತವಾಗಿದೆ" ಎಂದೆ. ಅವಳಿಗೆ ಮಾತ್ರವಲ್ಲ, ಮೆಟ್ಟಿಲ ಬಳಿ ಸಿಕ್ಕ ನೆರೆಯವರಿಗೆಲ್ಲ ಹಾಗೆಯೇ ಹೇಳಿದೆ.

ಮೂರನೆಯ ದಿನ, ಭಾನುವಾರ ಬೆಳಗ್ಗೆ, ನಮ್ಮ ಕಟ್ಟಡದ ಸಭೆ. ಹದಿನಾರು ಮನೆಗಳ ಕಟ್ಟಡ ನಮ್ಮದು. ಕೆಳಗೆ ಒಂದು ಓದುವ ಕೋಣೆಯಿದೆ: ಉದ್ದನೆಯ ಮೇಜು, ಎರಡು ಬೆಂಚು, ಮೂರು ದಿನಪತ್ರಿಕೆ, ಹಳೆಯ ಮಾಸಪತ್ರಿಕೆಗಳ ಕಪಾಟು. ಪ್ರತಿದಿನ ಹತ್ತು ಗಂಟೆಗೆ ಅಲ್ಲಿ ನಾನಿರುತ್ತೇನೆ; ನನ್ನೆದುರು ಎರಡನೆಯ ಮಹಡಿಯ ಅಜ್ಜಿ ಇರುತ್ತಾರೆ. ಎಲ್ಲರೂ ಅವರನ್ನು ಪದಬಂಧದ ಅಜ್ಜಿ ಎಂದೇ ಕರೆಯುವುದು. ಅವರ ಮನೆಯಲ್ಲಿ ನಾಲ್ಕು ಮೊಮ್ಮಕ್ಕಳು, ಎರಡು ಟೀವಿ. ಆ ಕೋಣೆಯಲ್ಲಿ ಕಳೆಯುವ ಒಂದು ಗಂಟೆಯೇ ಅವರ ದಿನದ ನೆಮ್ಮದಿ. ಹೆಚ್ಚೇನು, ನನ್ನದೂ ಅದೇ.

ನಮ್ಮ ಸಭೆಯಲ್ಲಿ ಕೈ ಎತ್ತುವ ಪದ್ಧತಿಯಿಲ್ಲ. ಮೊದಲ ಅಧ್ಯಕ್ಷರಿಗೆ ಭುಜದ ನೋವಿತ್ತು. ಪಾಪ, ಕೈ ಮೇಲಕ್ಕೇಳುತ್ತಿರಲಿಲ್ಲ. ಅವರಿಗಾಗಿ ಎಲ್ಲರೂ ತಲೆಯಾಡಿಸಿಯೇ ಒಪ್ಪಿಗೆ ಕೊಡತೊಡಗಿದರು. ಅವರು ತೀರಿಕೊಂಡು ಆರು ವರ್ಷವಾದರೂ ರೂಢಿ ಉಳಿದಿದೆ. ಠರಾವಿನ ಹಾಳೆ ಕೈಯಿಂದ ಕೈಗೆ ದಾಟುತ್ತದೆ, ಮನೆಗೊಂದು ತಲೆ ಆಡುತ್ತದೆ, ಕಾರ್ಯದರ್ಶಿ ಗುರುತು ಹಾಕಿಕೊಳ್ಳುತ್ತಾರೆ.

ಹಿರಿಯನೆಂದು ಹಾಳೆಯನ್ನು ಮೊದಲು ನನಗೇ ಕೊಟ್ಟರು. ಎಲ್ಲರ ಕಣ್ಣೂ ನನ್ನ ಹೊಸ ಕನ್ನಡಕದ ಮೇಲೆ. ನಾನು ಗಂಭೀರವಾಗಿ ಮೂಗನ್ನು ಹಾಳೆಯ ನೇರಕ್ಕೆ ಹಿಡಿದೆ. ಮಂಜು. ಗದ್ದ ಎತ್ತಿದೆ, "ಕೆಳಮಹಡಿಯ" ಎಂಬುದು ಕಂಡಿತು. ಇಳಿಸಿದೆ, ಹೋಯಿತು. ಮತ್ತೆ ಎತ್ತಿದೆ, "ತೆರವು" ಎಂದೇನೋ ಇತ್ತು. ಪ್ರತಿ ವರ್ಷದಂತೆ ಚರಂಡಿಯ ಹೂಳು ತೆರವು ಮಾಡಿಸುವ ವಿಷಯವಿರಬೇಕೆಂದು ತೀರ್ಮಾನಿಸಿ, ಖಚಿತಪಡಿಸಿಕೊಳ್ಳಲು ಇನ್ನೆರಡು ಸಲ ಎತ್ತಿ ಇಳಿಸಿ, ಏನೂ ಸಿಗದೆ ಹಾಳೆಯನ್ನು ಪಕ್ಕಕ್ಕೆ ದಾಟಿಸಿದೆ. ಅದು ಸಭೆಯನ್ನು ಎಷ್ಟು ಬೇಗ ಸುತ್ತಿ ಬಂದಿತೆಂದರೆ ನನಗೇ ಆಶ್ಚರ್ಯವಾಯಿತು.

ಕಾರ್ಯದರ್ಶಿ ಎದ್ದು ನಿಂತು ಓದಿದರು. ಕೆಳಮಹಡಿಯ ಓದುವ ಕೋಣೆಯನ್ನು ತೆರವು ಮಾಡಿ, ಮೇಜು ಬೆಂಚುಗಳನ್ನು ವಿಲೇವಾರಿ ಮಾಡಿ, ಮೊದಲನೆಯ ಮಹಡಿಯ ಬ್ಯಾಂಕ್ ಅಧಿಕಾರಿಯವರ ವ್ಯಾಯಾಮದ ಯಂತ್ರಗಳಿಗೆ ಜಾಗ ಕೊಡುವುದೆಂದು ಸರ್ವಾನುಮತದ ತೀರ್ಮಾನ. ಆಮೇಲೆ ನನ್ನತ್ತ ತಿರುಗಿ ಕೈಮುಗಿದರು.

"ಮೇಷ್ಟ್ರು ಬೇಡ ಅಂತಾರೇನೋ ಅಂತ ಹೆದರಿದ್ದೆ. ಅವರು ನಾಲ್ಕು ಸಲ ತಲೆಯಾಡಿಸಿ ಹರಸಿದರು. ದೊಡ್ಡ ಮನಸ್ಸು."

ಚಪ್ಪಾಳೆ ಬಿತ್ತು. ತಪ್ಪಾಯಿತೆನ್ನಲು ಬಾಯಿ ತೆರೆದೆ. ಆದರೆ ಮೂರು ದಿನದಿಂದ ಇಡೀ ಕಟ್ಟಡಕ್ಕೆ ಅದ್ಭುತ, ಅದ್ಭುತ ಎಂದು ಸಾರಿದ್ದ ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ ಪದಬಂಧದ ಅಜ್ಜಿ ಮೆಲ್ಲಗೆ ಕೇಳಿದರು:

"ನೀವು ತಲೆಯಾಡಿಸಿದ್ರಲ್ಲ ಮೇಷ್ಟ್ರೇ, ಏನೋ ಒಳ್ಳೇದೇ ಇರಬೇಕು ಅಂತ ನಾನೂ ಆಡಿಸಿದೆ. ನಾಳೆಯಿಂದ ನಾವಿಬ್ಬರೂ ಎಲ್ಲಿ ಕೂತ್ಕೊಳ್ಳೋದು?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಏನೋ ಏರ್ಪಾಟು ಮಾಡಿಯೇ ಒಪ್ಪಿರುತ್ತೇನೆಂದು ನಂಬಿ ಕೇಳಿದ್ದರು. ನಾನು ಎದ್ದು ನಿಂತೆ.

"ಅದು ಒಪ್ಪಿಗೆ ಅಲ್ಲ" ಎಂದೆ. "ಅಕ್ಷರ ಹುಡುಕ್ತಿದ್ದೆ. ನಾಲ್ಕು ಸಲ ಹುಡುಕಿದರೂ ಸಿಗಲಿಲ್ಲ. ಈ ಕನ್ನಡಕದಲ್ಲಿ ನನಗೆ ಇನ್ನೂ ಏನೂ ಓದೋಕಾಗ್ತಿಲ್ಲ."

ನಗುವಿಗಾಗಿ ನಾನು ತಲೆತಗ್ಗಿಸಿ ಕಾದೆ. ಆದರೆ ಎದ್ದದ್ದು ಮೂರನೆಯ ಮಹಡಿಯ ದರ್ಜಿ. ತಾನೂ ಓದಲಿಲ್ಲವೆಂದೂ, ಮೇಷ್ಟ್ರು ಅಷ್ಟು ಹೊತ್ತು ಓದಿದ ಮೇಲೆ ತಾನು ಮತ್ತೆ ಓದಿದರೆ ಅಗೌರವವಾಗುವುದೆಂದೂ ಹೇಳಿದ. ಅವನ ಹಿಂದೆಯೇ ದಂತವೈದ್ಯೆ ಒಪ್ಪಿಕೊಂಡರು, ಲಾರಿಯ ಮಾಲೀಕರು ಒಪ್ಪಿಕೊಂಡರು. ತನಿಖೆಯಲ್ಲಿ ತಿಳಿದದ್ದಿಷ್ಟು: ಠರಾವು ಬರೆದ ಕಾರ್ಯದರ್ಶಿಯದನ್ನು ಬಿಟ್ಟರೆ, ಆಡಿದ ಹದಿನಾರು ತಲೆಗಳಲ್ಲಿ ಹಾಳೆಯನ್ನು ಓದಿ ಆಡಿದ್ದು ಒಂದೇ, ಅದು ಆ ವ್ಯಾಯಾಮದ ಯಂತ್ರಗಳ ಒಡೆಯರದು. ಠರಾವನ್ನು ಗಟ್ಟಿಯಾಗಿ ಎರಡನೆಯ ಸಲ ಓದಿಸಿದರು. ಈ ಬಾರಿ ಹದಿಮೂರು ತಲೆಗಳು ಅಡ್ಡಡ್ಡ ಆಡಿದವು. ಅಜ್ಜಿಯದು ಎಲ್ಲರಿಗಿಂತ ಜೋರಾಗಿ ಆಡಿತು.

ಕಾರ್ಯದರ್ಶಿ ನಡಾವಳಿ ಪುಸ್ತಕ ತೆರೆದು ಪೇಚಾಡಿದರು. ಸರ್ವಾನುಮತದ ತೀರ್ಮಾನವೊಂದು ಐದೇ ನಿಮಿಷದಲ್ಲಿ ಬಿದ್ದುಹೋದುದಕ್ಕೆ ಕಾರಣವನ್ನು ಏನೆಂದು ಬರೆಯುವುದು? ಆಗ ಹಿಂದಿನ ಸಾಲಿನಿಂದ ಚಿರಪರಿಚಿತವಾದ ದನಿಯೊಂದು, ರೋಗಿಯ ಹಾಸಿಗೆಯ ಬಳಿ ಔಷಧದ ಪ್ರಮಾಣ ಹೇಳುವಷ್ಟು ಶಾಂತವಾಗಿ, ಹೇಳಿತು:

"ಬರ್ಕೊಳ್ಳಿ. ಮೇಷ್ಟ್ರಿಗೆ ಕಾಣಿಸಲಿಲ್ಲ, ಉಳಿದವರು ನೋಡಲಿಲ್ಲ."

ಅಕ್ಷರಶಃ ಹಾಗೆಯೇ ಬರೆದರು. ಬರೆದು, ಹಿರಿಯರು ಓದಿ ಸಹಿ ಮಾಡಬೇಕೆಂದು ಪುಸ್ತಕವನ್ನು ನನ್ನ ಮುಂದಿಟ್ಟರು. ಗದ್ದ ಎತ್ತಿದೆ, ಮೂಗನ್ನು ನೇರಕ್ಕೆ ಹಿಡಿದೆ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದೆ. ಹೊಸ ಕನ್ನಡಕದಲ್ಲಿ ನಾನು ಒಂದಕ್ಷರವೂ ತಡವರಿಸದೆ ಓದಿದ ಮೊದಲನೆಯ ವಾಕ್ಯ ಅದು.